ಓದುಗರ ಪ್ರಶ್ನೆ, ಮೇಡಂ ಉತ್ತರ: ಈ ತಿಂಗಳು ಬರೀ ಗ್ಯಾಲಕ್ಸಿ

ಗ್ಯಾಲಕ್ಸಿ ಅಂದರೆ ಕೋಟ್ಯಂತರ ನಕ್ಷತ್ರಗಳ ದೊಡ್ಡ ಗುಂಪು. ಕಳೆದ ಸಂಚಿಕೆಯಲ್ಲಿ ಆಂಡ್ರೋಮಿಡಾ ಗ್ಯಾಲಕ್ಸಿಯನ್ನು ಆಕಾಶದಲ್ಲಿ ಹುಡುಕುವುದು ಹೇಗೆ ಅಂತ ನಾಲ್ಕು ಸಾಲು ಬರೆದಿದ್ದೆ. ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಯಾರು ತಲೆ ಎತ್ತಿ ನೋಡುತ್ತಾರೆ ಅಂದುಕೊಂಡರೆ, ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಹಾಗಾಗಿ ಈ ಸಲ ಗ್ರಹಣ, ಉಲ್ಕೆ, ಕಪ್ಪುಕುಳಿಗಳಿಗೆ ರಜೆ. ಮಗಳ ಜಾತಕ ಕಳಿಸಿದವರಿಗೆ ಎಂದಿನಂತೆ ಉತ್ತರ ಇಲ್ಲ.

ಪ್ರಶ್ನೆ: ಮೇಡಂ, ಮಗ ಹಟ ಮಾಡಿದ ಅಂತ ಆರು ಇಂಚಿನ ಟೆಲಿಸ್ಕೋಪ್ ತರಿಸಿಕೊಟ್ಟೆ. ನೀವು ಹೇಳಿದ ಹಾಗೆ ಆಂಡ್ರೋಮಿಡಾ ಹುಡುಕಿದೆವು. ಸಿಕ್ಕಿತು. ಆದರೆ ಒಂದು ಬೂದು ಮಬ್ಬು, ಅಷ್ಟೇ. ಪೇಪರಿನಲ್ಲಿ ಬರುವ ಬಣ್ಣದ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದಾ? (ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು)

ಉತ್ತರ: ಟೆಲಿಸ್ಕೋಪ್ ಸರಿಯಾಗಿಯೇ ಇದೆ, ದುಡ್ಡೂ ದಂಡವಾಗಿಲ್ಲ. ನನ್ನ ಎಂಟು ಇಂಚಿನದರಲ್ಲೂ ಆ ಬೂದು ಮಬ್ಬೇ ಕಾಣುವುದು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಕಣ್ಣಿಗೆ ಬೆಳಕನ್ನು ಕೂಡಿಡಲೂ ಬರುವುದಿಲ್ಲ. ಕ್ಯಾಮೆರಾ ಆದರೆ ಗಂಟೆಗಟ್ಟಲೆ ತೆರೆದುಕೊಂಡು ಕೂತು, ಬಂದ ಬೆಳಕನ್ನೆಲ್ಲ ಸೇರಿಸುತ್ತಾ ಹೋಗುತ್ತದೆ.

ನಿಮಗೆ ಕಂಡದ್ದು ಆಂಡ್ರೋಮಿಡಾದ ನಡುಭಾಗ ಮಾತ್ರ. ಪೂರ್ತಿ ಗ್ಯಾಲಕ್ಸಿ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದಕ್ಕೆ ಮಲಗಿದೆ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ. ನೀವು ಕಣ್ಣಿಟ್ಟು ನೋಡುವ ಐಪೀಸಿನಲ್ಲಿ ಅಷ್ಟೆಲ್ಲ ಹಿಡಿಸುವುದೂ ಕಷ್ಟ. ಹಬಲ್ ಟೆಲಿಸ್ಕೋಪಿಗೂ ಅದೇ ತೊಂದರೆ. ಅದರ ನೋಟ ಇನ್ನೂ ಕಿರಿದು. ಆಂಡ್ರೋಮಿಡಾದ ಮೂರನೇ ಒಂದು ಭಾಗವನ್ನು ಅದು ತುಂಡು ತುಂಡಾಗಿ ಫೋಟೋ ತೆಗೆಯಿತು. ಆ ತುಂಡುಗಳನ್ನು ಜೋಡಿಸಿ 2015ರಲ್ಲಿ ಬಿಡುಗಡೆ ಮಾಡಿದ ಚಿತ್ರದಲ್ಲಿ 150 ಕೋಟಿ ಪಿಕ್ಸೆಲ್ ಇವೆ. ಹತ್ತು ಕೋಟಿಗೂ ಹೆಚ್ಚು ನಕ್ಷತ್ರಗಳು ಅದರಲ್ಲಿ ಬೇರೆ ಬೇರೆ ಚುಕ್ಕೆಯಾಗಿ ಕಾಣುತ್ತವೆ. ನಿಮ್ಮ ಬೂದು ಮಬ್ಬು ಅಂದರೆ ಇದೇ.

ಇನ್ನು ಬಣ್ಣ. ಇಂಥ ಟೆಲಿಸ್ಕೋಪುಗಳ ಕ್ಯಾಮೆರಾ ತೆಗೆಯುವುದು ಕಪ್ಪು ಬಿಳುಪು ಚಿತ್ರ. ನೀಲಿ ಫಿಲ್ಟರ್ ಹಾಕಿ ಒಂದು, ಕೆಂಪು ಫಿಲ್ಟರ್ ಹಾಕಿ ಇನ್ನೊಂದು, ಹೀಗೆ ತೆಗೆದು ಆಮೇಲೆ ಒಂದರ ಮೇಲೊಂದು ಕೂರಿಸುತ್ತಾರೆ. ನೀಲಿ ಜಾಸ್ತಿ ಇದ್ದ ಕಡೆ ಎಳೆಯ ನಕ್ಷತ್ರಗಳಿವೆ, ಹಳದಿ ಇದ್ದ ಕಡೆ ಹಳೆಯವು. ಗುಲಾಬಿ ಚುಕ್ಕೆಗಳು ಹೈಡ್ರೋಜನ್ ಅನಿಲ ಹೊಳೆಯುವ ಜಾಗ, ಅಲ್ಲಿ ನಕ್ಷತ್ರ ಹುಟ್ಟುತ್ತಿವೆ. ಜೇಮ್ಸ್ ವೆಬ್ ಟೆಲಿಸ್ಕೋಪ್ ನೋಡುವ ಇನ್‌ಫ್ರಾರೆಡ್ ಬೆಳಕು ಮಾತ್ರ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ಬಣ್ಣ ಹಚ್ಚಲೇಬೇಕು. ಉದ್ದ ತರಂಗಕ್ಕೆ ಕೆಂಪು, ಗಿಡ್ಡ ತರಂಗಕ್ಕೆ ನೀಲಿ ಅನ್ನುವ ಕ್ರಮದಲ್ಲಿ ಹಚ್ಚುತ್ತಾರೆ. ಹಚ್ಚಿದ್ದು ಹೌದು, ಸುಮ್ನೆ ಮನಸ್ಸಿಗೆ ಬಂದಂತೆ ಹಚ್ಚಿದ್ದಲ್ಲ. ಮಗನಿಗೆ ಇದನ್ನು ಹೇಳಿ, ಟೆಲಿಸ್ಕೋಪ್ ಅಟ್ಟಕ್ಕೆ ಹಾಕಬೇಡಿ.

ಪ್ರಶ್ನೆ: ಹತ್ತಿರದ ಗ್ಯಾಲಕ್ಸಿಗಳ ರಚನೆ ತಿಳಿಯಲು ಒಂದು ಸರ್ವೆ ಮಾಡಿದರಂತೆ. ಒಂದೇ ಟೆಲಿಸ್ಕೋಪಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳ ಚಿತ್ರ ತೆಗೆದರು ಅಂತ ಓದಿದೆ. ಒಂದೆರಡನ್ನು ಚೆನ್ನಾಗಿ ನೋಡಿದರೆ ಸಾಲದಾ? ಮಕ್ಕಳು ಕೇಳಿದರೆ ಏನು ಹೇಳಲಿ? (ಹೈಸ್ಕೂಲ್ ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ)

ಉತ್ತರ: ನೀವು ಓದಿದ್ದು ಸ್ಪಿಟ್ಜರ್ ಟೆಲಿಸ್ಕೋಪಿನ ಸರ್ವೆ ಇರಬೇಕು. ಎಸ್4ಜಿ ಅಂತ ಅದರ ಅಡ್ಡಹೆಸರು. ಕಾರ್ತಿಕ್ ಶೇಠ್ ಎಂಬ ಖಗೋಳ ವಿಜ್ಞಾನಿ ಅದರ ಮುಂದಾಳು. ನಮ್ಮಿಂದ ಸುಮಾರು 13 ಕೋಟಿ ಜ್ಯೋತಿರ್ವರ್ಷದ ಒಳಗಿರುವ 2,300ಕ್ಕೂ ಹೆಚ್ಚು ಗ್ಯಾಲಕ್ಸಿಗಳು ಅದರಲ್ಲಿವೆ. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ. 13 ಕೋಟಿ ಜ್ಯೋತಿರ್ವರ್ಷಕ್ಕೆ ‘ಹತ್ತಿರ’ ಅನ್ನುವುದು ಈ ಕಸುಬಿನವರು ಮಾತ್ರ.

ಸ್ಪಿಟ್ಜರ್ ಕಥೆ ಚೆನ್ನಾಗಿದೆ, ಮಕ್ಕಳಿಗೆ ಅದನ್ನೇ ಮೊದಲು ಹೇಳಿ. ನಾಸಾ ಅದನ್ನು 2003ರ ಆಗಸ್ಟಿನಲ್ಲಿ ಹಾರಿಸಿತು. ಕನ್ನಡಿ 85 ಸೆಂಟಿಮೀಟರ್ ಅಷ್ಟೇ. ಇನ್‌ಫ್ರಾರೆಡ್ ನೋಡುವ ಉಪಕರಣ ತಾನೇ ಬಿಸಿಯಾಗಿದ್ದರೆ ತನ್ನ ಶಾಖವೇ ಅದಕ್ಕೆ ಕಣ್ಣು ಕುಕ್ಕುತ್ತದೆ. ಅದಕ್ಕಾಗಿ ದ್ರವ ಹೀಲಿಯಂ ತುಂಬಿ ತಣ್ಣಗೆ ಇಟ್ಟಿದ್ದರು. 2009ರ ಮೇ ತಿಂಗಳಲ್ಲಿ ಹೀಲಿಯಂ ಮುಗಿಯಿತು. ಟೆಲಿಸ್ಕೋಪ್ ‘ಬೆಚ್ಚಗಾಯಿತು’ ಅಂದರು. ಎಷ್ಟು ಬೆಚ್ಚಗೆ ಅಂದರೆ, ಸೊನ್ನೆಗಿಂತ 240 ಡಿಗ್ರಿಗೂ ಕೆಳಗೆ! ಉದ್ದ ತರಂಗ ನೋಡುವ ಉಪಕರಣಗಳೆಲ್ಲ ಕೈಕೊಟ್ಟವು. 3.6 ಮತ್ತು 4.5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತರಂಗದ ಎರಡು ಚಾನೆಲ್ ಮಾತ್ರ ಏನೂ ಆಗದ ಹಾಗೆ ಕೆಲಸ ಮಾಡುತ್ತಾ ಉಳಿದವು. ಈ ಸರ್ವೆ ನಡೆದದ್ದು ಆ ಎರಡರಲ್ಲೇ. 2020ರ ಜನವರಿ 30ರವರೆಗೆ ಟೆಲಿಸ್ಕೋಪ್ ದುಡಿಯಿತು.

ಉಳಿದದ್ದು ಎರಡೇ ಆದರೂ ಗ್ಯಾಲಕ್ಸಿಯ ಮೈಕಟ್ಟು ನೋಡುವವರಿಗೆ ಬೇಕಾಗಿದ್ದು ಅವೇ. ಸಾಮಾನ್ಯ ಬೆಳಕಿನ ಚಿತ್ರದಲ್ಲಿ ದೂಳು ಅಡ್ಡ ಬರುತ್ತದೆ. ಜೊತೆಗೆ ಎಳೆಯ ನೀಲಿ ನಕ್ಷತ್ರಗಳ ಅಬ್ಬರ ಬೇರೆ. ಅವುಗಳ ಸಂಖ್ಯೆ ಕಡಿಮೆ, ಬೆಳಕು ಮಾತ್ರ ವಿಪರೀತ. ಮದುವೆ ಮನೆ ಫೋಟೋದಲ್ಲಿ ಎದ್ದು ಕಾಣುವವರೇ ಮನೆ ನಡೆಸುವವರು ಅಂತ ಹೇಳಲಾಗುತ್ತದಾ? 3.6 ಮೈಕ್ರಾನಿನಲ್ಲಿ ದೂಳು ಹೆಚ್ಚುಕಡಿಮೆ ಅಡ್ಡಿಯೇ ಆಗುವುದಿಲ್ಲ. ಬೆಳಕು ಬರುವುದು ಮುಖ್ಯವಾಗಿ ಹಳೆಯ ನಕ್ಷತ್ರಗಳಿಂದ, ಮತ್ತು ನಕ್ಷತ್ರಗಳ ಒಟ್ಟು ತೂಕದ ಬಹುಪಾಲು ಇರುವುದೂ ಅವುಗಳಲ್ಲೇ. ಚಿತ್ರದ ಬೆಳಕು ಅಳೆದರೆ ತೂಕ ಅಂದಾಜು ಮಾಡಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದು ಗ್ಯಾಲಕ್ಸಿಯನ್ನು ಎಷ್ಟು ಚೆನ್ನಾಗಿ ನೋಡಿದರೂ, ಅದರಲ್ಲಿ ಕಂಡದ್ದು ಎಲ್ಲದರಲ್ಲೂ ಇದೆಯಾ, ಅದೊಂದರದೇ ವಿಶೇಷವಾ ಅಂತ ಹೇಳಲಾಗುವುದಿಲ್ಲ. ಬೇರೆ ಬೇರೆಯವರು ಬೇರೆ ಬೇರೆ ಟೆಲಿಸ್ಕೋಪಿನಲ್ಲಿ ತೆಗೆದ ಸಾವಿರ ಚಿತ್ರ ಕೂಡಿ ಹಾಕಿದರೂ ಪ್ರಯೋಜನ ಕಡಿಮೆ. ಶಿವಮೊಗ್ಗದ ಮಂಡಿಗಳಲ್ಲಿ ನೋಡಿರುತ್ತೀರಿ. ಒಬ್ಬರ ರಾಶಿ ಅಡಿಕೆಯನ್ನು ಬಿಸಿಲಲ್ಲಿ ಹಿಡಿದು, ಇನ್ನೊಬ್ಬರದನ್ನು ಗೋಡೌನಿನ ಟ್ಯೂಬ್‌ಲೈಟ್ ಕೆಳಗೆ ನೋಡಿ ದರ ಕಟ್ಟಿದರೆ ಜಗಳವೇ ಆಗುತ್ತದೆ. ಈ ಸರ್ವೆಯಲ್ಲಿ ಕುಬ್ಜ ಗ್ಯಾಲಕ್ಸಿಗೂ ದೈತ್ಯ ಗ್ಯಾಲಕ್ಸಿಗೂ ಒಂದೇ ಕ್ಯಾಮೆರಾ, ಒಂದೇ ತರಂಗ, ಸುಮಾರು ನಾಲ್ಕು ನಿಮಿಷದ ಅದೇ ಎಕ್ಸ್‌ಪೋಷರ್. ಕಣ್ಣಿಗೆ ಕಾಣುವ ಅಂಚಿನಲ್ಲೇ ನಿಲ್ಲಿಸದೆ, ಗೊತ್ತಿದ್ದ ಅಗಲದ ಒಂದೂವರೆ ಪಟ್ಟು ದೂರದವರೆಗೂ ಚಿತ್ರ ತೆಗೆದರು. ನನಗೆ ಕೇಳಿದರೆ, ಗೋಡೆಗೆ ಹಾಕಿಕೊಳ್ಳುವಂಥ ಒಂದು ಚೆಂದದ ಫೋಟೋಗಿಂತ ಒಂದೇ ಹದದಲ್ಲಿ ತೆಗೆದ ಈ ಸಪ್ಪೆ ಚಿತ್ರಗಳ ಬೆಲೆ ಜಾಸ್ತಿ.

ಒಂದು ಉದಾಹರಣೆ ಕೊಡುತ್ತೇನೆ. ಸುರುಳಿ ಗ್ಯಾಲಕ್ಸಿಗಳಲ್ಲಿ ಕೆಲವಕ್ಕೆ ನಡುವೆ ಉದ್ದನೆಯ ಪಟ್ಟಿ ಇರುತ್ತದೆ, ಆ ಪಟ್ಟಿಯ ಎರಡು ತುದಿಯಿಂದ ಸುರುಳಿ ಕೈಗಳು ಹೊರಡುತ್ತವೆ. ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ 1926ರಲ್ಲೇ ಇವನ್ನು ಬೇರೆ ಗುಂಪು ಮಾಡಿದ್ದರು. ದೂಳಿನ ಹಿಂದೆ ಅಡಗಿದ ಪಟ್ಟಿಗಳೂ ಇನ್‌ಫ್ರಾರೆಡ್‌ನಲ್ಲಿ ಕಾಣುತ್ತವೆ. ಲೆಕ್ಕ ಹಾಕಿದರೆ ಹತ್ತಿರದ ಸುರುಳಿ ಗ್ಯಾಲಕ್ಸಿಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಪಟ್ಟಿ ಇದೆ. ನಮ್ಮ ಆಕಾಶಗಂಗೆಗೂ ಇದೆ. ಈ ಪಟ್ಟಿ ಸುಮ್ಮನೆ ಅಲಂಕಾರಕ್ಕೆ ಇರುವುದಲ್ಲ. ಹೊರಗಿನ ಅನಿಲವನ್ನು ಗ್ಯಾಲಕ್ಸಿಯ ನಡುವಿಗೆ ಎಳೆದು ತರುತ್ತದೆ, ಅಲ್ಲಿ ಹೊಸ ನಕ್ಷತ್ರ ಹುಟ್ಟಿಸುತ್ತದೆ. ಇದೇ ಶೇಠ್ ಮತ್ತು ಸಂಗಡಿಗರು 2008ರಲ್ಲಿ ಹಬಲ್ ಚಿತ್ರಗಳಲ್ಲಿ ದೂರದ, ಅಂದರೆ 700 ಕೋಟಿ ವರ್ಷ ಹಿಂದಿನ, ಗ್ಯಾಲಕ್ಸಿಗಳನ್ನು ಎಣಿಸಿದರು. ದೂರದ ಬೆಳಕು ನಮಗೆ ತಲುಪಲು ಅಷ್ಟು ವರ್ಷ ಹಿಡಿಯುವುದರಿಂದ ಕಾಣುವುದು ಅವುಗಳ ಹಳೆಯ ರೂಪ. ಆಗ ಐದರಲ್ಲಿ ಒಂದಕ್ಕೆ ಮಾತ್ರ ಪಟ್ಟಿ ಇತ್ತು. ವಯಸ್ಸಾದಂತೆ ಪಟ್ಟಿ ಬರುತ್ತದೆ ಅಂತ ಅರ್ಥ ಮಾಡಿಕೊಂಡರು. ಈಚೆಗೆ ಜೇಮ್ಸ್ ವೆಬ್ ಬಂದು, ಸಾವಿರ ಕೋಟಿ ವರ್ಷಕ್ಕೂ ಹಿಂದೆಯೇ ಪಟ್ಟಿ ಇದ್ದ ಗ್ಯಾಲಕ್ಸಿಗಳನ್ನು ತೋರಿಸಿಬಿಟ್ಟಿದೆ. ವಾದ ನಡೆಯುತ್ತಿದೆ.

ಒಂದು ಸಂಗತಿ ನನಗೆ ಬಹಳ ಇಷ್ಟ. ಸರ್ವೆಗೆ ಗ್ಯಾಲಕ್ಸಿಗಳನ್ನು ಆರಿಸುವಾಗ, ದೂರ ತಿಳಿಯಲು ಹೈಡ್ರೋಜನ್ ಅನಿಲದ ರೇಡಿಯೋ ಅಳತೆಯನ್ನು ನಂಬಿದ್ದರು. ಅನಿಲವೇ ಇಲ್ಲದ ಗ್ಯಾಲಕ್ಸಿಗಳ ಕಥೆ? ದುಂಡನೆಯ, ಹಳೆಯ ನಕ್ಷತ್ರಗಳೇ ತುಂಬಿದ ಎಷ್ಟೋ ಗ್ಯಾಲಕ್ಸಿಗಳು ಸರ್ವೆಯಿಂದ ಬಿಟ್ಟುಹೋದವು. ಆಮೇಲೆ ಅಂಥ ನಾನೂರಕ್ಕೂ ಹೆಚ್ಚನ್ನು ಹುಡುಕಿ ಸೇರಿಸಲು ಬೇರೆಯೇ ಯೋಜನೆ ಹಾಕಬೇಕಾಯಿತು. ಜನಗಣತಿಗೆ ಹೋದವರು ಕರೆಂಟ್ ಬಿಲ್ ಇದ್ದ ಮನೆಗೆ ಮಾತ್ರ ಹೋದರೆ ಯಾರು ಬಿಟ್ಟುಹೋಗುತ್ತಾರೆ ಅಂತ ಮಕ್ಕಳನ್ನೇ ಕೇಳಿ ನೋಡಿ.

ಪ್ರಶ್ನೆ: ಆಂಡ್ರೋಮಿಡಾ ನಮ್ಮ ಗ್ಯಾಲಕ್ಸಿಗೆ ಡಿಕ್ಕಿ ಹೊಡೆಯುತ್ತದಂತೆ, ನಿಜವಾ? (ಓದುಗರು, ಭದ್ರಾವತಿ)

ಉತ್ತರ: ಅದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಹತ್ತಿರ ಬರುತ್ತಿದೆ. 2012ರಲ್ಲಿ ಡಿಕ್ಕಿ ಖಂಡಿತ ಅಂದಿದ್ದರು. 2025ರಲ್ಲಿ ಹೊಸ ಅಳತೆಗಳೊಂದಿಗೆ ಮತ್ತೆ ಲೆಕ್ಕ ಹಾಕಿದವರು, ಮುಂದಿನ ಸಾವಿರ ಕೋಟಿ ವರ್ಷದಲ್ಲಿ ಆಗುವ ಸಾಧ್ಯತೆ ಅರ್ಧಕ್ಕರ್ಧ ಅನ್ನುತ್ತಾರೆ. ಸೊಸೈಟಿ ಸಾಲ ಕಟ್ಟುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ನಾನು ಮದುವೆ ಫೋಟೋಗ್ರಾಫರ್. ಆಲ್ಬಮ್ ಮಾಡುವಾಗ ಗಂಡು ಹೆಣ್ಣನ್ನು ಬ್ಯಾಕ್‌ಗ್ರೌಂಡಿನಿಂದ ಕಟ್ ಮಾಡುವುದೇ ನಮ್ಮ ದಿನದ ಕೆಲಸ. ಗ್ಯಾಲಕ್ಸಿ ಫೋಟೋದಲ್ಲಿ ಅಂಚು ಎಲ್ಲಿ ಅಂತ ಹೇಗೆ ಗೊತ್ತಾಗುತ್ತದೆ? ಅಂಚಿನವರೆಗೂ ತೆಗೆಯಬೇಕಾದರೆ ಭಾರಿ ಟೆಲಿಸ್ಕೋಪೇ ಬೇಕಾ? (ಶಿವಮೊಗ್ಗ)

ಉತ್ತರ: ಕಸುಬು ಗೊತ್ತಿದ್ದವರು ಕೇಳುವ ಪ್ರಶ್ನೆ ಇದು. ಗ್ಯಾಲಕ್ಸಿಗೆ ಸೀರೆಯ ಅಂಚಿನಂಥ ಅಂಚಿಲ್ಲ. ನಡುವಿನಿಂದ ಹೊರಗೆ ಹೋದಂತೆ ಬೆಳಕು ಮಂದವಾಗುತ್ತಾ ಹೋಗಿ ಆಕಾಶದಲ್ಲಿ ಬೆರೆತುಬಿಡುತ್ತದೆ. ಅದಕ್ಕೇ ಖಗೋಳದವರು ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಇಂತಿಷ್ಟು ಮಂದವಾದ ಕಡೆ ಗೆರೆ ಎಳೆದು ಅದನ್ನೇ ಅಗಲ ಅಂತ ಕರೆಯೋಣ ಅಂತ. ಎಷ್ಟು ಮಂದ? ಊರಿನ ಬೆಳಕಿಲ್ಲದ, ಚಂದ್ರನಿಲ್ಲದ ಕತ್ತಲ ಆಕಾಶಕ್ಕೂ ಅದರದೇ ಒಂದು ಸಣ್ಣ ಹೊಳಪು ಇರುತ್ತದೆ. ಆ ಗೆರೆಯ ಮೇಲೆ ಗ್ಯಾಲಕ್ಸಿಯ ಬೆಳಕು ಆ ಹೊಳಪಿನ ಒಂದು ಸಣ್ಣ ಪಾಲು ಮಾತ್ರ. ಅದರಾಚೆಗೂ ನಕ್ಷತ್ರಗಳಿವೆ. ನಕ್ಷತ್ರ ಮುಗಿದ ಮೇಲೂ ಹೈಡ್ರೋಜನ್ ಅನಿಲ ಹರಡಿರುತ್ತದೆ. ಅದನ್ನು ನೋಡಲು ಪುಣೆ ಹತ್ತಿರದ ಜಿಎಂಆರ್‌ಟಿಯಂಥ ರೇಡಿಯೋ ದೂರದರ್ಶಕ ಬೇಕು.

ನಿಮ್ಮ ಪರದೆಯ ಮೇಲೆ ಈ ಕೆಲಸ ಹೇಗಿರುತ್ತದೆ ಅಂದರೆ, ಮೊದಲು ಫ್ಲ್ಯಾಟ್ ತಿದ್ದುತ್ತಾರೆ. ಲೆನ್ಸಿನ ಮೂಲೆ ಸ್ವಲ್ಪ ಮಂಕಾಗಿ, ನಡು ಸ್ವಲ್ಪ ಬೆಳಗಿ ಬರುತ್ತದಲ್ಲ, ಅದನ್ನು ಸರಿ ಮಾಡುವುದು. ನೂರಕ್ಕೆ ಒಂದರಷ್ಟು ತಪ್ಪು ಉಳಿದರೂ ಇಲ್ಲದ ಅಂಚು ಹುಟ್ಟುತ್ತದೆ. ಆಮೇಲೆ ಮುಂದೆ ಅಡ್ಡ ನಿಂತ ನಮ್ಮದೇ ಗ್ಯಾಲಕ್ಸಿಯ ನಕ್ಷತ್ರಗಳನ್ನು ಒಂದೊಂದಾಗಿ ಮುಚ್ಚುತ್ತಾರೆ. ಆಮೇಲೆ ಆಕಾಶದ ಹೊಳಪು ಅಳೆದು ಕಳೆಯುತ್ತಾರೆ. ಉಳಿದದ್ದರ ಮೇಲೆ ನಡುವಿನಿಂದ ಹೊರಗೆ ಮೊಟ್ಟೆಯಾಕಾರದ ಗೆರೆಗಳನ್ನು ಹೊಂದಿಸುತ್ತಾ ಹೋಗುತ್ತಾರೆ. ಪ್ರತಿ ಗೆರೆಯ ಮೇಲಿನ ಬೆಳಕು, ಅದರ ಚಪ್ಪಟೆತನ, ಅದು ವಾಲಿದ ದಿಕ್ಕು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ನಡುವೆ ಎಲ್ಲೋ ಗೆರೆಗಳು ಇದ್ದಕ್ಕಿದ್ದಂತೆ ಉದ್ದವಾಗಿ ಒಂದೇ ದಿಕ್ಕಿಗೆ ನಿಂತರೆ ಅಲ್ಲಿ ಪಟ್ಟಿ ಇದೆ ಅಂತ ಲೆಕ್ಕ.

ಭಾರಿ ಟೆಲಿಸ್ಕೋಪ್ ವಿಷಯ. ನಿಮ್ಮವರೇ ಉಪಯೋಗಿಸುವ 400 ಎಂಎಂ, ಎಫ್ 2.8 ಕ್ಯಾನನ್ ಲೆನ್ಸ್ ಗೊತ್ತಲ್ಲ? ಕ್ರಿಕೆಟ್ ಮೈದಾನದ ಅಂಚಿನಲ್ಲಿ ಇಟ್ಟುಕೊಂಡಿರುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಅಂಥ ಲೆನ್ಸುಗಳನ್ನು ಗೊಂಚಲಾಗಿ ಕಟ್ಟಿ ಒಂದೇ ಕಡೆ ತಿರುಗಿಸಿದ್ದಾರೆ. ಡ್ರ್ಯಾಗನ್‌ಫ್ಲೈ ಅಂತ ಹೆಸರು. ಎಂಟರ ಗೊಂಚಲು ಬೆಳೆದು 48 ಆಯಿತು. ಗುಟ್ಟು ಇರುವುದು ಆ ಲೆನ್ಸಿನ ಕೋಟಿಂಗಿನಲ್ಲಿ. ದೊಡ್ಡ ಕನ್ನಡಿಯ ಟೆಲಿಸ್ಕೋಪುಗಳಲ್ಲಿ ಹೊಳೆಯುವ ನಕ್ಷತ್ರದ ಬೆಳಕು ಒಳಗೊಳಗೇ ಚೆದುರಿ ಮಂದ ಅಂಚನ್ನು ಕೆಡಿಸುತ್ತದೆ. ಈ ಲೆನ್ಸಿನಲ್ಲಿ ಅದು ಬಹಳ ಕಡಿಮೆ. 2015ರಲ್ಲಿ ಈ ಗೊಂಚಲು ಕೋಮಾ ಎಂಬ ಗ್ಯಾಲಕ್ಸಿ ಸಮೂಹದ ದಿಕ್ಕಿನಲ್ಲಿ 47 ಭೂತದಂಥ ಗ್ಯಾಲಕ್ಸಿಗಳನ್ನು ಹಿಡಿಯಿತು. ಕೆಲವು ಆಕಾಶಗಂಗೆಯಷ್ಟು ಅಗಲ, ನಕ್ಷತ್ರ ಮಾತ್ರ ಅದರ ನೂರನೇ ಒಂದು ಪಾಲೂ ಇಲ್ಲ. ಭಾರಿ ಟೆಲಿಸ್ಕೋಪುಗಳು ಅವನ್ನು ದಾಟಿಕೊಂಡು ಹೋಗಿದ್ದವು.

ಇನ್ನೂ ಒಂದಿದೆ. ಆಂಡ್ರೋಮಿಡಾವನ್ನು ಫೋಟೋ ತೆಗೆಯದ ಹವ್ಯಾಸಿಯೇ ಇಲ್ಲ ಅಲ್ವಾ? ಆದರೂ ಅದರ ಪಕ್ಕದಲ್ಲೇ ಆಮ್ಲಜನಕದ ಬೆಳಕಿನ ಒಂದು ದೊಡ್ಡ ಕಮಾನು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಲವು ಹವ್ಯಾಸಿಗಳು ಸಣ್ಣ ಟೆಲಿಸ್ಕೋಪಿಗೆ ಆಮ್ಲಜನಕದ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ, ರಾತ್ರಿಗಟ್ಟಲೆ ಬೆಳಕು ಕೂಡಿಸಿ ಅದನ್ನು ಕಂಡುಹಿಡಿದರು. ಪ್ರಬಂಧ ಪ್ರಕಟವಾದದ್ದು 2023ರಲ್ಲಿ. ಮದುವೆ ಇಲ್ಲದ ಶೂನ್ಯಮಾಸದಲ್ಲಿ ನಿಮ್ಮ ಲೆನ್ಸು ಏನು ಮಾಡುತ್ತಿರುತ್ತದೆ?

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ಕ್ಲಾಸ್. ನಮ್ಮನೆಯಲ್ಲಿ ಟೆಲಿಸ್ಕೋಪ್ ಇಲ್ಲ. ಗ್ಯಾಲಕ್ಸಿ ಬಗ್ಗೆ ನಾನೇ ಏನಾದರೂ ಮಾಡಬಹುದಾ? (ಹೊಸನಗರ ತಾಲ್ಲೂಕು)

ಉತ್ತರ: ಮಾಡಬಹುದು ಪುಟ್ಟಿ. ಇವತ್ತು ನಿಜವಾದ ಚಿತ್ರಗಳು ಬಿಟ್ಟಿ ಸಿಗುತ್ತವೆ. ನಾನು ಮೇಲೆ ಹೇಳಿದ ಸ್ಪಿಟ್ಜರ್ ಸರ್ವೆಯ ಅಷ್ಟೂ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಶಾಲೆಯ ಕಂಪ್ಯೂಟರಿಗೆ ಡಿಎಸ್9 ಅನ್ನುವ ಪ್ರೋಗ್ರಾಂ ಹಾಕಿಸಿಕೊ. ಅದೂ ಬಿಟ್ಟಿ. ಖಗೋಳ ವಿಜ್ಞಾನಿಗಳು ದಿನಾ ಬಳಸುವುದು ಅದನ್ನೇ. ಅದರ ಮೆನುವಿನಲ್ಲೇ ಚಿತ್ರ ತರಿಸುವ ಜಾಗ ಇದೆ. ಎಂ51 ಅಂತ ಹಾಕು. ಲಾರ್ಡ್ ರಾಸ್ 1845ರಲ್ಲಿ ಐರ್ಲೆಂಡಿನಲ್ಲಿ 72 ಇಂಚಿನ ಟೆಲಿಸ್ಕೋಪಿನಿಂದ ಮೊದಲ ಸಲ ಸುರುಳಿ ಆಕಾರ ಕಂಡದ್ದು ಇದರಲ್ಲೇ. ಕ್ಯಾಮೆರಾ ಇರಲಿಲ್ಲ, ಕಣ್ಣಲ್ಲಿ ನೋಡಿ ಕೈಯಲ್ಲಿ ಬಿಡಿಸಿದರು.

ಚಿತ್ರ ತೆರೆದಾಗ ನಡು ಬಿಟ್ಟರೆ ಹೆಚ್ಚೇನೂ ಕಾಣದಿದ್ದರೆ ಗಾಬರಿ ಬೇಡ. ‘ಸ್ಕೇಲ್’ ಒತ್ತಿ ‘ಲಾಗ್’ ಮಾಡು. ಸುರುಳಿ ಕೈಗಳು ಎದ್ದು ಬರುತ್ತವೆ. ಮೌಸಿನ ಬಲಗುಂಡಿ ಒತ್ತಿ ಹಿಡಿದು ಎಳೆದಾಡು. ಪಕ್ಕದ ಸಣ್ಣ ಗ್ಯಾಲಕ್ಸಿಯ ಸುತ್ತ ಮಬ್ಬು ಹರಡುತ್ತದೆ. ದೊಡ್ಡದು ಸಣ್ಣದು ಎಳೆದಾಡಿಕೊಂಡಾಗ ಚೆಲ್ಲಿದ ನಕ್ಷತ್ರಗಳು ಅವು. ಈಗ ಕರ್ಸರನ್ನು ಮೂಲೆಯ ಕಪ್ಪು ಜಾಗಕ್ಕೆ ಒಯ್ಯಿ. ಮೇಲೆ ಒಂದು ಸಂಖ್ಯೆ ಕಾಣುತ್ತದೆ. ಕಪ್ಪು ಅಂದರೂ ಅದು ಒಂದೇ ಕಡೆ ನಿಲ್ಲುವುದಿಲ್ಲ, ಪಿಕ್ಸೆಲ್ಲಿಂದ ಪಿಕ್ಸೆಲ್ಲಿಗೆ ಹೆಚ್ಚುಕಡಿಮೆ ಆಗುತ್ತದೆ. ಶಿವಮೊಗ್ಗದ ಫೋಟೋಗ್ರಾಫರಿಗೆ ಹೇಳಿದ ಆಕಾಶದ ಹೊಳಪು ಅದೇ. ನಡುವಿನಿಂದ ಹೊರಗೆ ಹತ್ತಾರು ಕಡೆ ಸಂಖ್ಯೆ ಬರೆದುಕೊಂಡು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡು. ಎಲ್ಲಿ ಮೂಲೆಯ ಸಂಖ್ಯೆಗಿಂತ ಬೇರೆ ಅಂತ ಹೇಳಲಾಗುವುದಿಲ್ಲವೋ ಅಲ್ಲಿ ನಿನ್ನ ಚಿತ್ರದ ಗ್ಯಾಲಕ್ಸಿ ಮುಗಿಯಿತು. ಗ್ರಾಫನ್ನು ನನಗೆ ಕಳಿಸು.

ಮೊಬೈಲ್ ಮಾತ್ರ ಇದ್ದರೆ ‘ಗ್ಯಾಲಕ್ಸಿ ಝೂ’ ಇದೆ. 2007ರಲ್ಲಿ ಶುರುವಾಯಿತು. ಗ್ಯಾಲಕ್ಸಿಯ ಚಿತ್ರ ತೋರಿಸಿ ದುಂಡಗಿದೆಯಾ, ಸುರುಳಿ ಇದೆಯಾ ಅಂತ ಜನರನ್ನೇ ಕೇಳುತ್ತಾರೆ. ಮೊದಲ ಸುತ್ತಿನಲ್ಲೇ ಒಂಬತ್ತು ಲಕ್ಷದ ಹತ್ತಿರ ಗ್ಯಾಲಕ್ಸಿ ಇದ್ದವು. ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಟೀಚರ್ ಅದರಲ್ಲಿ ಒಂದು ವಿಚಿತ್ರ ಮಚ್ಚೆ ಕಂಡು ‘ಇದೇನು’ ಅಂತ ಕೇಳಿದರು. ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. ಪಕ್ಕದ ಗ್ಯಾಲಕ್ಸಿಯ ನಡು ಹಿಂದೆ ಜೋರಾಗಿ ಉರಿದಾಗ ಬೆಳಗಿದ ದೊಡ್ಡ ಅನಿಲದ ಮೋಡ ಅದು ಅಂತ ಆಮೇಲೆ ತಿಳಿಯಿತು. ಉರಿ ಆರಿದೆ, ಮೋಡ ಇನ್ನೂ ಹೊಳೆಯುತ್ತಿದೆ. ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ನಮ್ಮವರ ಕೆಲಸವೂ ಗೊತ್ತಿರಲಿ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಯುವಿಐಟಿ ಅನ್ನುವ ನೇರಳಾತೀತ ಟೆಲಿಸ್ಕೋಪ್ ಇದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಅದರ ಮುಂದಾಳು, ಜೋಡಿಸಿದ್ದು ಹೊಸಕೋಟೆಯಲ್ಲಿ. ಅದು ಎಳೆಯ ನಕ್ಷತ್ರಗಳನ್ನೇ ಆರಿಸಿ ತೋರಿಸುತ್ತದೆ. ಸ್ಪಿಟ್ಜರ್ ಹಳೆಯವನ್ನು ತೋರಿಸಿದರೆ ಇದು ಹೊಸವನ್ನು. ಒಂದೇ ಗ್ಯಾಲಕ್ಸಿಯ ಎರಡೂ ಚಿತ್ರ ಪಕ್ಕ ಪಕ್ಕ ಇಟ್ಟು ನೋಡು, ಎರಡು ಬೇರೆ ಗ್ಯಾಲಕ್ಸಿ ಅನ್ನಿಸಿಬಿಡುತ್ತದೆ.

ಪ್ರಶ್ನೆ: ಬರಿಗಣ್ಣಿಗೆ ಕಾಣುವ ಮ್ಯಾಜೆಲಾನಿಕ್ ಮೋಡ ಎಂಬ ಗ್ಯಾಲಕ್ಸಿ ನಮ್ಮ ಕುಂದಾದ್ರಿ ಕಡೆಯಿಂದ ಕಾಣುತ್ತದಾ? (ಕೊಪ್ಪ)

ಉತ್ತರ: ಲೆಕ್ಕದ ಪ್ರಕಾರ ಕಾಣಬೇಕು ಮಾರಾಯ್ರೇ. ನಾವಿರುವುದು ಭೂಮಧ್ಯರೇಖೆಯಿಂದ ಹದಿನಾಲ್ಕು ಡಿಗ್ರಿ ಉತ್ತರಕ್ಕೆ. ದೊಡ್ಡ ಮ್ಯಾಜೆಲಾನಿಕ್ ಮೋಡ ಆಕಾಶದಲ್ಲಿ ಸುಮಾರು ಎಪ್ಪತ್ತು ಡಿಗ್ರಿ ದಕ್ಷಿಣದಲ್ಲಿದೆ. ಎಷ್ಟು ಮೇಲೆ ಬಂದರೂ ದಕ್ಷಿಣ ದಿಗಂತದಿಂದ ಏಳು ಡಿಗ್ರಿ ದಾಟುವುದಿಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಅದಕ್ಕೂ ಕಡಿಮೆ. ನಮ್ಮ ಇಬ್ಬನಿ, ಮಂಜು, ಗುಡ್ಡದ ಸಾಲು ದಾಟಿ ಅಷ್ಟು ಕೆಳಗಿನ ಮಂದ ಬೆಳಕು ಕಣ್ಣಿಗೆ ಬೀಳುವುದು ಬಹಳ ಕಷ್ಟ. ಪ್ರಯತ್ನಿಸುವುದಾದರೆ ಜನವರಿಯ ಅಮಾವಾಸ್ಯೆ ಹತ್ತಿರ, ರಾತ್ರಿ ಹತ್ತರ ಸುಮಾರಿಗೆ, ನೇರ ದಕ್ಷಿಣಕ್ಕೆ ನೋಡಿ.

ಅದರ ಬದಲು ಸೆಂಟಾರಸ್ ಎ ಎಂಬ ಗ್ಯಾಲಕ್ಸಿ ಹಿಡಿಯಿರಿ ಅನ್ನುತ್ತೇನೆ. ಏಪ್ರಿಲ್ ನಡುರಾತ್ರಿ ದಕ್ಷಿಣದಲ್ಲಿ ಮೂವತ್ತು ಡಿಗ್ರಿಗೂ ಮೇಲೆ ಬಂದಿರುತ್ತದೆ, ಬೈನಾಕ್ಯುಲರಿಗೂ ಮಬ್ಬು ಚುಕ್ಕೆಯಾಗಿ ಸಿಗುತ್ತದೆ. ಲಂಡನ್ನಿನವರಿಗೆ ಇದು ಹುಟ್ಟುವುದೇ ಇಲ್ಲ. 1826ರಲ್ಲಿ ಜೇಮ್ಸ್ ಡನ್‌ಲಪ್ ಇದನ್ನು ಗುರುತಿಸಿದ್ದು ಆಸ್ಟ್ರೇಲಿಯಾದಿಂದ. ಎಂಟು ಇಂಚಿನ ಟೆಲಿಸ್ಕೋಪಿನಲ್ಲಿ ನಡುವೆ ಕಪ್ಪು ದೂಳಿನ ಪಟ್ಟಿಯೂ ಕಾಣುತ್ತದೆ. ಆಕಾಶದ ಫೋಟೋಗಳಿಗೆ ಹೆಸರಾದ ಡೇವಿಡ್ ಮಾಲಿನ್ ಇದರ ಫೋಟೋ ಫಲಕಗಳಿಂದ ಅತಿ ಮಂದ ಬೆಳಕನ್ನು ಹಿಗ್ಗಿಸಿ ತೆಗೆದಾಗ, ಹೊರಗೆ ಚಿಪ್ಪಿನ ಮೇಲೆ ಚಿಪ್ಪಿನಂಥ ಪದರಗಳು ಕಂಡವು. ಎಂದೋ ನುಂಗಿದ ಇನ್ನೊಂದು ಗ್ಯಾಲಕ್ಸಿಯ ಉಳಿಕೆ ಅದು. ಮುಂಗಾರು ಹತ್ತುವ ಮೊದಲು ನೋಡಿ ಮುಗಿಸಿ, ಆಮೇಲೆ ಅಕ್ಟೋಬರಿನವರೆಗೆ ನಮ್ಮ ಕಡೆ ಆಕಾಶವೇ ಇರುವುದಿಲ್ಲ.